ಮಣ್ಣು ಬರೀ ಕರಡಲ್ಲ

ಹೋದ ಸಂಚಿಕೆಯಲ್ಲಿ ಫ್ರಾನ್ಸಿನ ದೊರೆ ಹದಿನೈದನೇ ಲೂಯಿಯ ಪ್ರೇಯಸಿ ಮದಾಮ್ ದ್ಯು ಬಾರಿಯ ಟೆರಾಕೋಟ (ಸುಟ್ಟ ಜೇಡಿಮಣ್ಣಿನ) ಪ್ರತಿಮೆಯ ಚಿತ್ರ ನೋಡಿದ ಧಾರವಾಡದ ಓದುಗರೊಬ್ಬರು ತುಸು ಖಾರವಾಗಿಯೇ ಬರೆದಿದ್ದಾರೆ: ‘ಫ್ರಾನ್ಸಿನ ದೊರೆ ವಜ್ರ ಸುರಿದ ಹೆಂಗಸಿಗೆ ಮಣ್ಣಿನ ಮೂರ್ತಿಯೇ? ಅದು ಅಮೃತಶಿಲೆಗೆ ಮೊದಲಿನ ಕರಡು. ಕರಡನ್ನು ಹೊಗಳಲು ಅಷ್ಟು ಪುಟ ಬೇಕಿತ್ತೇ?’

ಬೇಕಿತ್ತು ಸ್ವಾಮಿ. ಕರಡು ಎನ್ನುವ ಮಾತು ಅರ್ಧ ನಿಜ. ಶಿಲ್ಪಿ ಒಗ್ಯುಸ್ತಾಂ ಪಾಜು ಆಕೆಯನ್ನು ಅಮೃತಶಿಲೆಯಲ್ಲೂ ಕಡೆದ. 1773ರ ಆ ಪ್ರತಿಮೆ ಪ್ಯಾರಿಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಸೆವ್ರ್ ಕಾರ್ಖಾನೆಯವರು ಹೊಳಪು ಹಚ್ಚದ ಬಿಳಿ ಪಿಂಗಾಣಿಯಲ್ಲೂ ಆಕೆಯ ಮುಖವನ್ನು ಮಾಡಿ ಮಾರಿದರು. ಆದರೆ ಆ ಕಾಲದ ದೊಡ್ಡ ಕಾರ್ಯಾಗಾರಗಳಲ್ಲಿ ಕಲ್ಲಿನ ಒರಟು ಕೆಲಸವೆಲ್ಲ ಸಹಾಯಕರದು. ಅಳತೆ ತೆಗೆದು, ಚುಕ್ಕಿ ಗುರುತಿಸಿ ಕಡೆಯುತ್ತ ಬರುವವರು ಅವರು. ಯಜಮಾನನ ಉಳಿ ಕೊನೆಗೆ ಬರುತ್ತಿತ್ತು. ಹಸಿ ಜೇಡಿಮಣ್ಣಿನಲ್ಲಾದರೆ ಶಿಲ್ಪಿಯ ಬೆರಳೇ ಕೆನ್ನೆಯನ್ನು ತಿದ್ದುತ್ತದೆ, ಭುಜಕ್ಕೆ ಜಾರಿದ ಕೂದಲ ಸುರುಳಿಯನ್ನು ಮರದ ಕಡ್ಡಿಯಿಂದ ಗೀರುತ್ತದೆ. ಹದಿನೆಂಟನೇ ಶತಮಾನದ ಪ್ಯಾರಿಸಿನ ಸಂಗ್ರಾಹಕರು ಟೆರಾಕೋಟಕ್ಕೆ ಮುಗಿಬಿದ್ದದ್ದು ಆ ಕೈಗುರುತಿಗಾಗಿ, ಅಗ್ಗಕ್ಕೆ ಸಿಗುತ್ತದೆಂದಲ್ಲ.

ಇನ್ನು ಆಕೆಯ ಅಂತಸ್ತಿನ ಮಾತು. ಹುಟ್ಟುಹೆಸರು ಜಾನ್ ಬೆಕ್ಯು. 1743ರಲ್ಲಿ ಮದುವೆಯಾಗದ ತಾಯಿಗೆ ಹುಟ್ಟಿದವಳು, ಪ್ಯಾರಿಸಿನ ಉಡುಪಿನಂಗಡಿಯಲ್ಲಿ ಕೆಲಸಕ್ಕಿದ್ದವಳು. 1769ರಲ್ಲಿ ವರ್ಸೈ ಆಸ್ಥಾನಕ್ಕೆ ವಿಧ್ಯುಕ್ತವಾಗಿ ಕಾಲಿಟ್ಟಳು. ಕುಲೀನರು ಮೂಗು ಮುರಿದರು. ಅಂಥವಳಿಗೆ ರಾಜಶಿಲ್ಪಿಯ ಕೈಯಿಂದ ಮೂಡಿದ ಪ್ರತಿಮೆ ಬರೀ ಅಲಂಕಾರವಾಗಿರಲಿಲ್ಲ, ಹಕ್ಕುಪತ್ರದಂತಿತ್ತು ಎಂಬುದು ನನ್ನ ಅನಿಸಿಕೆ. ಆ ಹಕ್ಕು ಬಹಳ ದಿನ ಬಾಳಲಿಲ್ಲ. 1774ರ ಮೇ ತಿಂಗಳಲ್ಲಿ ಹದಿನೈದನೇ ಲೂಯಿ ಸಿಡುಬಿನಿಂದ ಸತ್ತ; ಆಕೆಯನ್ನು ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಸಾಗಹಾಕಿದರು. 1793ರ ಡಿಸೆಂಬರಿನಲ್ಲಿ ಕ್ರಾಂತಿಕಾರರು ತಲೆ ಕಡಿಯುವ ಯಂತ್ರವಾದ ಗಿಲೋಟಿನ್ನಿಗೆ ಕೊಟ್ಟರು.

ಟೆರಾಕೋಟ ಎಂದದ್ದೆಲ್ಲ ಶಿಲ್ಪಿಯ ಕೈಯದೇ ಎಂದು ನಂಬಬೇಕಾಗಿಲ್ಲ. ಅಚ್ಚಿಗೆ ಮಣ್ಣು ಒತ್ತಿ ತೆಗೆದ ನಕಲುಗಳೂ ಬೇಕಾದಷ್ಟಿವೆ. ಮ್ಯೂಸಿಯಮ್ಮಿನಲ್ಲಿ ಇಂಥದ್ದು ಕಂಡರೆ ಪ್ರತಿಮೆಯ ಬೆನ್ನ ಕಡೆ ಹೋಗಿ. ಮಣ್ಣು ದಪ್ಪಗಿದ್ದರೆ ಆವಿಗೆಯಲ್ಲಿ ಬಿರಿಯುತ್ತದೆಂದು ಒಳಗನ್ನು ಟೊಳ್ಳು ಮಾಡಿರುತ್ತಾರೆ. ಆ ಒಳಮೈಯಲ್ಲಿ ಕೆರೆದ ಗೀರುಗಳಿವೆಯೋ ಅಥವಾ ಹೊರಗೆ ಕಿವಿಯ ಹಿಂದೆ ಅಚ್ಚಿನ ಬೆಸುಗೆಗೆರೆ ಇದೆಯೋ ನೋಡಿ. ಗೆರೆಯನ್ನು ಉಜ್ಜಿ ಮರೆಸುವ ಜಾಣರೂ ಇದ್ದಾರೆ ಅನ್ನಿ.