ವಿದ್ಯಾರ್ಥಿ ಗಾಂಜಾ ಸೇದುತ್ತಾನೆಂದು ತಿಳಿದಾಗ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ಉಪನ್ಯಾಸಕಿ. ಪ್ರತಿವರ್ಷ ಜೂನ್ 26ರ ಮಾದಕವಸ್ತು ವಿರೋಧಿ ದಿನದಂದು ಬಾಯಿ ಕ್ಯಾನ್ಸರಿನ ಚಿತ್ರಗಳನ್ನು ತೋರಿಸಿ, ಪ್ರತಿಜ್ಞೆ ಮಾಡಿಸುತ್ತೇವೆ. ಆದರೂ ಕಾಂಪೌಂಡಿನ ಹಿಂದೆ ಗುಟ್ಖಾ ಪಾಕೀಟುಗಳು ಬಿದ್ದಿರುತ್ತವೆ. ಈಚೆಗೆ ದ್ವಿತೀಯ ಪಿಯುಸಿಯ ಹುಡುಗನೊಬ್ಬ ಗಾಂಜಾ ಸೇದುತ್ತಾನೆಂದು ಅವನ ಗೆಳೆಯರೇ ಬಂದು ಹೇಳಿದರು. ಟಿಸಿ ಕೊಟ್ಟು ಕಳುಹಿಸೋಣ ಎಂಬುದು ಕೆಲವು ಸಹೋದ್ಯೋಗಿಗಳ ಅಭಿಪ್ರಾಯ. ಏನು ಮಾಡುವುದು?

ಉತ್ತರ: ದಯವಿಟ್ಟು ಟಿಸಿ ಕೊಡಬೇಡಿ. ಕಾಲೇಜು ಬಿಟ್ಟ ಹುಡುಗನಿಗೆ ಉಳಿಯುವುದು ಗಾಂಜಾ ತಂದುಕೊಡುವವರ ಸಂಗ ಮಾತ್ರ. ಅಲ್ಲದೆ ಒಬ್ಬನನ್ನು ಹೀಗೆ ಕಳುಹಿಸಿದ ಮೇಲೆ ಇನ್ನೊಬ್ಬನ ವಿಷಯ ಹೇಳಲು ಯಾವ ಗೆಳೆಯನೂ ನಿಮ್ಮ ಬಳಿ ಬರುವುದಿಲ್ಲ. ಆ ಹುಡುಗರು ನಿಮ್ಮ ಮೇಲಿಟ್ಟ ನಂಬಿಕೆಯೇ ಈಗ ನಿಮ್ಮ ಕೈಯಲ್ಲಿರುವ ದೊಡ್ಡ ಬಲ.

ವರ್ಷಕ್ಕೊಮ್ಮೆ ಹೆದರಿಸುವುದರಿಂದ ಅಭ್ಯಾಸ ಬದಲಾಗುವುದಿಲ್ಲ. ಅಮೆರಿಕದಲ್ಲಿ ಸರ್ಕಾರವೇ 1998ರಿಂದ ಹದಿಹರೆಯದವರಿಗಾಗಿ ಮಾದಕವಸ್ತು ವಿರೋಧಿ ಭಾರಿ ಜಾಹೀರಾತು ಅಭಿಯಾನ ನಡೆಸಿತು. 2004ರವರೆಗಿನ ಮೌಲ್ಯಮಾಪನದಲ್ಲಿ ಗಾಂಜಾ ಬಳಕೆ ಅದರಿಂದ ಕಡಿಮೆಯಾದದ್ದು ಕಾಣಲಿಲ್ಲ. ಬದಲಿಗೆ, ಆ ಜಾಹೀರಾತುಗಳನ್ನು ಹೆಚ್ಚು ನೋಡಿದವರಲ್ಲಿ ತಮ್ಮ ಓರಗೆಯವರು ಸೇದುತ್ತಾರೆಂಬ ಭಾವನೆ ಬಲಿತಿರುವ ಸೂಚನೆಗಳಿದ್ದವು. ನಿಮ್ಮ ತರಗತಿಯಲ್ಲಿಯೂ ಬಹುಪಾಲು ಮಕ್ಕಳು ಇದರಿಂದ ದೂರವೇ ಇದ್ದಾರು. ಇವನ್ನು ಬಳಸುತ್ತೀರಾ ಎಂದು ಕೇಳಿ, ಹೆಸರು ಬರೆಯದ ಚೀಟಿಗಳಲ್ಲಿ ಉತ್ತರ ಪಡೆದು, ಹಾಗೆ ಕಂಡುಬಂದರೆ ಅದನ್ನೇ ತರಗತಿಗೆ ತಿಳಿಸಿ. ಗೆಳೆಯ ಒತ್ತಾಯ ಮಾಡಿದಾಗ ಮುಖ ಕೆಡಿಸಿಕೊಳ್ಳದೆ ಬೇಡವೆನ್ನುವುದನ್ನು ಇಬ್ಬಿಬ್ಬರನ್ನು ನಿಲ್ಲಿಸಿ ಅಭಿನಯದಿಂದ ರೂಢಿ ಮಾಡಿಸಿ. ಉಪನ್ಯಾಸಕ್ಕಿಂತ ಅದು ಹೆಚ್ಚು ಉಪಯುಕ್ತ.

ಇನ್ನು ಆ ಹುಡುಗನ ವಿಷಯ. ಯಾರು ಹೇಳಿದರೆಂಬುದನ್ನು ಬಿಟ್ಟುಕೊಡದೆ, ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನಿಲ್ಲಿಸದೆ, ಒಬ್ಬನನ್ನೇ ಕೂರಿಸಿಕೊಂಡು ಮಾತನಾಡಿ. ಮನಶ್ಶಾಸ್ತ್ರಜ್ಞರಾದ ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರಾಲ್ನಿಕ್ ರೂಪಿಸಿದ ಆಪ್ತಸಮಾಲೋಚನಾ ಕ್ರಮದಲ್ಲಿ ಬಿಡಬೇಕಾದ ಕಾರಣವನ್ನು ನಾವು ಹೇಳುವುದಿಲ್ಲ, ಅವನ ಬಾಯಿಂದಲೇ ಬರಲು ಅವಕಾಶ ಕೊಡುತ್ತೇವೆ. “ಅದನ್ನ ಸೇದಿದ್ರ ನಿನಗ ಏನ್ ಸಿಗತೈತಿ ತಮ್ಮಾ?” ಎಂದು ನಿಮ್ಮ ಕಡೆಯ ಮಾತಿನಲ್ಲೇ ಕೇಳಿ. “ನಿದ್ದಿ ಬರ್ತೈತ್ರಿ ಮೇಡಂ” ಎಂದನೆನ್ನಿ. ಹಾಗಾದರೆ ನಿದ್ದೆ ಕೆಡಿಸುತ್ತಿರುವುದು ಪರೀಕ್ಷೆಯೋ, ಮನೆಯ ಜಗಳವೋ ಎಂಬುದು ಮುಂದಿನ ಮಾತು. ಆಮೇಲೆ, ಬಿಡಬೇಕೆಂಬ ಮನಸ್ಸು ಹತ್ತರಲ್ಲಿ ಎಷ್ಟಿದೆ ಎಂದು ಕೇಳಿ. ಅವನು ಮೂರು ಎಂದರೆ ನಾವು ಸಾಮಾನ್ಯವಾಗಿ “ಇಷ್ಟೇನಾ?” ಎನ್ನುತ್ತೇವೆ, ಅಲ್ಲಿಗೆ ಮಾತು ಮುಗಿಯುತ್ತದೆ. ಅದರ ಬದಲು, ಸೊನ್ನೆ ಎನ್ನದೆ ಮೂರು ಎಂದದ್ದೇಕೆ ಎಂದು ಕೇಳಿ ನೋಡಿ. ಅವ್ವನಿಗೆ ಗೊತ್ತಾದರೆ ಎಂಬ ಅಳುಕು, ಓದಿದ್ದು ನೆನಪಿನಲ್ಲಿ ನಿಲ್ಲುತ್ತಿಲ್ಲವೆಂಬ ಚಿಂತೆ, ಹೀಗೆ ಏನಾದರೊಂದು ಹೊರಬರುತ್ತದೆ. ಅದನ್ನೇ ಹಿಡಿದು ಮುಂದುವರಿಯಿರಿ. ಬಿಟ್ಟವನು ಮತ್ತೆ ಸೇದಿದನೆಂದು ತಿಳಿದರೂ ಕೈಬಿಡಬೇಡಿ. ಚೇತರಿಕೆಯ ದಾರಿಯಲ್ಲಿ ಇದು ಸಾಮಾನ್ಯ.

ಕಠಿಣವಾಗಬೇಕಾದದ್ದು ಮಾರುವವರ ಮೇಲೆ. 18 ವರ್ಷದೊಳಗಿನವರಿಗೆ ತಂಬಾಕು ಅಥವಾ ಮಾದಕವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆಯಿದೆ. ಕಾಲೇಜಿನ ಸಮೀಪದ ಗೂಡಂಗಡಿಯಲ್ಲಿ ಮಕ್ಕಳಿಗೆ ಮಾರುತ್ತಿದ್ದರೆ ಪ್ರಾಚಾರ್ಯರ ಸಹಿಯೊಂದಿಗೆ ಲಿಖಿತ ದೂರು ಕೊಡಿ.

ಹುಡುಗ ಒಪ್ಪಿದರೆ ತಂದೆತಾಯಿಯ ಜೊತೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೆ ಕಳುಹಿಸಿ. ಫೋನಿನಲ್ಲಿ ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಮತ್ತು ವ್ಯಸನಮುಕ್ತಿ ಸಹಾಯವಾಣಿ 14446 ಇವೆ. ಪೊಲೀಸ್ ಕೇಸಿಗೆ ಅಂಜಿ ಅನೇಕ ಪಾಲಕರು ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣ ಎದುರಿಸುತ್ತಿರುವ ವ್ಯಸನಿಯೂ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ಣಗೊಳಿಸಿದರೆ, ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಅವನಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ ಎಂಬುದನ್ನು ಅವರಿಗೆ ಮೊದಲ ಭೇಟಿಯಲ್ಲೇ ತಿಳಿಸಿ.