ಹೊಸ ನೀರು ಬಂದಾಗ ಬಲೆ ಎತ್ತಿಡೋಣ

ಪತ್ರದ ಸಾರ: ತುಂಗಭದ್ರಾ ಅಣೆಕಟ್ಟೆ ಇರುವ ಮುನಿರಾಬಾದ್ ಕಡೆಯ ಓದುಗರೊಬ್ಬರು ಹಿಮಾಚಲದ ಕುಲ್ಲುವಿಗೆ ಹೋಗಿದ್ದರಂತೆ. ಅಲ್ಲಿ ನವೆಂಬರಿನಿಂದ ಫೆಬ್ರವರಿ ಮುಗಿಯುವವರೆಗೆ ಟ್ರೌಟ್ ಮೀನು ಹಿಡಿಯುವಂತಿಲ್ಲ. ಮಾರ್ಚ್ ಬಂತೆಂದರೆ ಗಾಳದವರಿಗೆ ಹಬ್ಬ. ‘ತುಂಗಭದ್ರೆಯಲ್ಲೂ ಚಳಿಗಾಲ ಬಲೆ ನಿಲ್ಲಿಸಿ, ಹಿಡಿಯಲು ಶುರುಮಾಡುವ ದಿನವೊಂದನ್ನು ಯಾಕೆ ಗೊತ್ತುಮಾಡಬಾರದು?’ ಎಂಬುದು ಅವರ ಪ್ರಶ್ನೆ.

ನಮಸ್ಕಾರ. ಹೊಳೆಗೆ ಬಿಡುವು ಬೇಕೇ ಬೇಕು, ಅದರಲ್ಲಿ ನಾನು ನಿಮ್ಮ ಕಡೆಗೇ. ಆದರೆ ಚಳಿಗಾಲ ಬೇಡ, ಮಳೆಗಾಲದ ಎರಡು ತಿಂಗಳಿರಲಿ. ಟ್ರೌಟ್ ತಣ್ಣೀರಿನ ಮೀನು. ಕುಲ್ಲುವಿನ ಕಂದು ಟ್ರೌಟ್ ಚಳಿಗಾಲದ ಹೊತ್ತಿಗೆ ಹೊಳೆಯ ಗರಸಿನಲ್ಲಿ ಗುಂಡಿ ತೋಡಿ ತತ್ತಿ ಇಡುತ್ತದೆ, ಅದು ಮರಿಯಾಗಲು ತಿಂಗಳುಗಳೇ ಬೇಕು. ನಮ್ಮ ರೋಹು, ಕಾಟ್ಲಾ, ಮೃಗಾಲ್ ಹಾಗಲ್ಲ. ಮಲೆನಾಡಿನಲ್ಲಿ ಮಳೆ ಹಿಡಿದು ಕೆಂಪು ನೀರು ಬಂದಾಗಲೇ ಅವಕ್ಕೆ ಬಸಿರಿನ ಕಾಲ. ನಿಂತ ನೀರಿನಲ್ಲಿ ಅವು ತತ್ತಿ ಇಡುವುದಿಲ್ಲ. ಹಿನ್ನೀರು ಬಿಟ್ಟು ಹರಿವಿಗೆ ಎದುರಾಗಿ ಏರುತ್ತವೆ. ಕಿಲೊ ತೂಕದ ರೋಹುವಿನ ಹೊಟ್ಟೆಯಲ್ಲಿ ಎರಡು-ಮೂರು ಲಕ್ಷ ತತ್ತಿ. ಇಟ್ಟ ಒಂದು ದಿನದೊಳಗೇ ಒಡೆದು ಮರಿಯಾಗುತ್ತವೆ.

ಜುಲೈನಲ್ಲಿ ಮೀನು ಮಾರ್ಕೆಟ್ಟಿಗೆ ಹೋಗಿ ನೋಡಿ. ಮಾರುವ ಅವ್ವ ಮೀನಿನ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ, ‘ತತ್ತಿ ತುಂಬೇತ್ರೀ ಸರ, ರುಚಿ ಭಾಳ’ ಅಂತಾಳೆ. ಕೊಳ್ಳುವವರು ಖುಷಿಯಿಂದ ಒಯ್ಯುತ್ತಾರೆ. ನಾನೂ ಒಯ್ದಿದ್ದೇನೆ. ಕೊಯ್ದಾಗ ಹಳದಿ ತತ್ತಿಯ ಎರಡು ಗಟ್ಟಿ, ಅಂಗೈ ತುಂಬ. ಅದನ್ನು ಕಂಡ ಮೇಲೆ ಮಳೆಗಾಲದಲ್ಲಿ ಹೊಳೆಮೀನು ತರುವುದನ್ನು ಬಿಟ್ಟೆ.

‘ಜಲಾಶಯಕ್ಕೆ ಮರಿ ಬಿಡ್ತಾರಲ್ಲ, ಇನ್ಯಾಕೆ ಬಿಡುವು?’ ಎನ್ನುವವರಿದ್ದಾರೆ. ಬಿಡುವುದು ರೋಹು, ಕಾಟ್ಲಾ ಮರಿ. ಹೊಳೆಯದೇ ಆದ ಬಾಳೆಮೀನಿನ ಮರಿಯನ್ನು ಯಾರು ಬಿಡುತ್ತಾರೆ? ಅದರ ಸಂತಾನಕ್ಕೂ ಮಳೆಗಾಲವೇ ಗತಿ. ಅಳಿವಿನ ಅಪಾಯವಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಅದೂ ಸೇರಿದೆ.

ಶುರುಮಾಡುವ ದಿನದ ಹಬ್ಬ ಮಾತ್ರ ನನಗೆ ಒಪ್ಪಿಗೆಯಿಲ್ಲ. ಕುಲ್ಲುವಿನಲ್ಲಿ ಗಾಳ ಹವ್ಯಾಸ. ಇಲ್ಲಿ ಹರಿಗೋಲು ಇಳಿಸುವವನಿಗೆ ಅದೇ ಅನ್ನ, ಅದೇ ಮಕ್ಕಳ ಫೀಸು. ಎರಡು ತಿಂಗಳು ಬಲೆ ಎತ್ತಿಡು ಎನ್ನುವ ಮೊದಲು ಆ ಎರಡು ತಿಂಗಳ ಒಲೆ ಹೇಗೆ ಉರಿಯಬೇಕೆಂದು ಹೇಳಬೇಕು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವೆ. ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಮೀನುಗಾರ 1,500 ರೂಪಾಯಿ ಕೂಡಿಟ್ಟರೆ ಸರ್ಕಾರ 3,000 ಸೇರಿಸಿ ಮೂರು ತಿಂಗಳಲ್ಲಿ ಕೊಡುವ ಲೆಕ್ಕವಿತ್ತು. ತಿಂಗಳಿಗೆ 1,500 ಬಿತ್ತು. ಇಷ್ಟರಲ್ಲಿ ಯಾವ ಸಂಸಾರ ನಡೆದೀತು? ಹೊಳೆಯ ಮೀನುಗಾರನ ಬಿಡುವಿನ ಕೂಲಿ ಇದಕ್ಕಿಂತ ಬಹಳ ಹೆಚ್ಚಿರಬೇಕು, ನಿಷೇಧ ಶುರುವಾಗುವ ಮೊದಲೇ ಕೈಗೆ ಬರಬೇಕು. ಇಲ್ಲದಿದ್ದರೆ ರಾತ್ರಿ ಬಲೆ ಬೀಳುತ್ತದೆ, ಅವನನ್ನು ಬೈದು ಏನೂ ಫಲವಿಲ್ಲ.

ಇನ್ನೊಂದು ಮಾತು. ಹೊಸ ನೀರು ಒಂದು ವರ್ಷ ಜೂನ್ ಕೊನೆಗೇ ಬರುತ್ತದೆ, ಇನ್ನೊಂದು ವರ್ಷ ಜುಲೈ ಅರ್ಧ ಕಳೆದರೂ ಇಲ್ಲ. ಹಾಗಾಗಿ ನಿಷೇಧವನ್ನು ಒಂದೇ ತಾರೀಖಿಗೆ ಕಟ್ಟಲಾಗದು. ಮೊದಲು ಕಾಪಾಡಬೇಕಾದದ್ದು ಹೊಳೆ ಹಿನ್ನೀರಿಗೆ ಸೇರುವ ತಾವನ್ನು, ಮುಳುಗಿದ ಹೊಲಗಳ ಅಂಚನ್ನು. ಸಣ್ಣ ಕಣ್ಣಿನ ಬಲೆ ಮರಿಗಳನ್ನು ಬಾಚುವುದು ಅಲ್ಲೇ. ನೀವು ದಂಡೆಯವರು. ಈ ಸಲ ನಿಮ್ಮೂರಿಗೆ ಕೆಂಪು ನೀರು ಯಾವ ದಿನ ಬಂತು, ಮೀನು ಯಾವ ಮಡುವಿನಿಂದ ಏರಿತು, ಹಿರಿಯ ಮೀನುಗಾರರನ್ನು ಕೇಳಿ ಬರೆದು ಕಳಿಸಿ. ಬೇರೆ ಊರುಗಳವರೂ ಕಳಿಸಲಿ, ಎಲ್ಲವನ್ನೂ ಪ್ರಕಟಿಸುತ್ತೇವೆ.

– ಸಂಪಾದಕ