ಮಳೆಗಾಲದ ಟೈರನ್ನು ಮೇ ತಿಂಗಳಲ್ಲೇ ಹಾಕಿಸಿ

ಪ್ರಶ್ನೆ: ಸರ್, ನಮ್ಮದು 2022ರ ಎರ್ಟಿಗಾ. 48,000 ಕಿ.ಮೀ. ಓಡಿದೆ. ಗಾಡಿ ಜೊತೆ ಬಂದ ಟೈರೇ ಇನ್ನೂ ಇರುವುದು. ಮನೆಯಲ್ಲಿ ಆರು ಜನ. ಅಪ್ಪನ ಚಿಕಿತ್ಸೆಗೆ ತಿಂಗಳಿಗೆ ಎರಡು ಸಲ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಬೇಕು. ಮನೆ ತನಕ ಎರಡು ಕಿ.ಮೀ. ಮಣ್ಣು ರಸ್ತೆ. ಟೈರ್ ಅಂಗಡಿಯವರು 'ಇನ್ನೂ ಹತ್ತು ಸಾವಿರ ಕಿ.ಮೀ. ಆರಾಮಾಗಿ ಓಡುತ್ತೆ' ಅಂದರು. ಬದಲಿಸುವುದಾದರೆ ಬೆಲೆ ಕೈಗೆಟುಕಬೇಕು, ಜಾಸ್ತಿ ದಿನ ಬಾಳಬೇಕು, ಮಳೆ ಬಿಸಿಲು ಎರಡಕ್ಕೂ ಆಗಬೇಕು. 'ಆಲ್ ಸೀಸನ್' ಟೈರ್ ಅಂತ ಬರುತ್ತಲ್ಲ, ಅದೇ ತಗೊಳ್ಳಲಾ?
– ಮೇಗರವಳ್ಳಿ ಹತ್ತಿರದ ಓದುಗರು

ಉತ್ತರ: ಅಂಗಡಿಯವರು ಸುಳ್ಳು ಹೇಳಿಲ್ಲ. ಆದರೆ ಆ ಹತ್ತು ಸಾವಿರ ಕಿ.ಮೀ. ಯಾವ ತಿಂಗಳಲ್ಲಿ ಓಡುತ್ತೀರಿ ಅಂತ ಅವರು ಕೇಳಬೇಕಿತ್ತು. ನೀವು ತಿಂಗಳಿಗೆ ಸುಮಾರು ಸಾವಿರ ಕಿ.ಮೀ. ಓಡಿಸುತ್ತೀರಿ. ಅಂದರೆ ಈ ಹತ್ತು ಸಾವಿರದಲ್ಲಿ ಇಡೀ ಮಳೆಗಾಲ ಬರುತ್ತದೆ. ಅದೂ ಆಗುಂಬೆ ಮಳೆ.

ಲೆಕ್ಕ ಹಾಕಿ ನೋಡೋಣ. ಹೊಸ ಕಾರ್ ಟೈರಿನಲ್ಲಿ ಗೆರೆಗಳ ಆಳ ಸುಮಾರು 8 ಮಿ.ಮೀ. ಇರುತ್ತದೆ. ಕಾನೂನಿನ ಪ್ರಕಾರ 1.6 ಮಿ.ಮೀ.ಗಿಂತ ಕಡಿಮೆ ಆಗಬಾರದು. ಟೈರಿನ ಗೆರೆಯೊಳಗೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಣ್ಣೆ ಇರುತ್ತದೆ, ಅದರ ಎತ್ತರವೂ ಇದೇ 1.6 ಮಿ.ಮೀ. ಟೈರ್ ಸವೆದು ಆ ದಿಣ್ಣೆಗೆ ಸಮ ಆಯಿತು ಅಂದರೆ ಕಥೆ ಮುಗಿಯಿತು. ನಿಮ್ಮದು 60,000 ಕಿ.ಮೀ. ಹತ್ತಿರ ಆ ಮಟ್ಟಕ್ಕೆ ಬರುವ ಟೈರ್ ಅಂತ ಇಟ್ಟುಕೊಂಡರೆ, ಹತ್ತು ಸಾವಿರಕ್ಕೆ ಸುಮಾರು 1 ಮಿ.ಮೀ. ಸವೆಯುತ್ತದೆ. ಈಗ ಉಳಿದಿರುವುದು 3 ಮಿ.ಮೀ. ಆಸುಪಾಸು.

ಒಣ ರಸ್ತೆಗೆ 3 ಮಿ.ಮೀ. ಸಾಕು. ಘಾಟಿಯ ಮಳೆಗೆ ಸಾಲದು. ಟೈರಿನ ಗೆರೆ ಇರುವುದೇ ನೀರು ಹೊರಗೆ ಹೋಗಲಿ ಅಂತ. ಆಳ ಕಡಿಮೆ ಆದಷ್ಟೂ ನೀರಿಗೆ ಜಾಗ ಕಡಿಮೆ. ನೀರು ಹೊರಗೆ ಹೋಗದಿದ್ದರೆ ಟೈರಿಗೂ ಡಾಂಬರಿಗೂ ನಡುವೆ ನಿಲ್ಲುತ್ತದೆ, ಗಾಡಿ ತೇಲುತ್ತದೆ. ಆಗ ಬ್ರೇಕ್ ತುಳಿದರೂ ಅಷ್ಟೇ, ಸ್ಟೇರಿಂಗ್ ತಿರುಗಿಸಿದರೂ ಅಷ್ಟೇ. ಆಗುಂಬೆಯ 14 ತಿರುವುಗಳಲ್ಲಿ ಮಳೆ ನೀರು ರಸ್ತೆಗೆ ಅಡ್ಡವಾಗಿ ಹರಿಯುವುದನ್ನು ನೀವೇ ನೋಡಿದ್ದೀರಿ. ಅದರ ಜೊತೆ ಕೊಳೆತ ಎಲೆ, ಅಂಚಿನಲ್ಲಿ ಪಾಚಿ, ಎದುರಿಗೆ ಬಸ್ಸು. ಹಿಂದಿನ ಸೀಟಲ್ಲಿ ಹುಷಾರಿಲ್ಲದ ಅಪ್ಪ. ಅಲ್ಲಿ ಹಳೇ ಟೈರ್ ಬೇಡ ಮಾರಾಯ್ರೆ.

ಹಾಗಂತ ಯಾವ ತಿಂಗಳಾದರೂ ಸರಿ, 3 ಮಿ.ಮೀ. ಆದ ಕೂಡಲೇ ಟೈರ್ ಎಸೆದು ದುಡ್ಡು ಹಾಳು ಮಾಡಿ ಅಂತಲೂ ಹೇಳುವುದಿಲ್ಲ. ನಾನು ನಮ್ಮ ಕಡೆಯವರಿಗೆ ಹೇಳುವುದು ಒಂದೇ: ಹೊಸ ಟೈರನ್ನು ಮೇ ತಿಂಗಳ ಕೊನೆಗೆ, ಮೃಗಶಿರ ಮಳೆ ಹಿಡಿಯುವ ಮುಂಚೆ ಹಾಕಿಸಿ. ಪ್ರತಿ ವರ್ಷ ಮೇನಲ್ಲಿ ಒಮ್ಮೆ ಆಳ ಅಳೆಸಿ. 4 ಮಿ.ಮೀ.ಗಿಂತ ಜಾಸ್ತಿ ಇದ್ದರೆ ಆ ಮಳೆಗಾಲ ಕಳೆಯಬಹುದು. ಅಕ್ಟೋಬರ್ ಹೊತ್ತಿಗೆ 3 ಮಿ.ಮೀ.ಗೆ ಇಳಿದಿದ್ದರೂ ಚಿಂತೆ ಇಲ್ಲ. ಅಡಿಕೆ ಕೊಯ್ಲು, ಮದುವೆ, ಜಾತ್ರೆ ಎಲ್ಲ ಅದೇ ಟೈರಿನಲ್ಲಿ ಮುಗಿಸಿ. ಮೇ ಬರುವಾಗ ಎರಡೂಕಾಲು ಮಿ.ಮೀ. ಹತ್ತಿರ ಇರುತ್ತದೆ, ಆಗ ಬದಲಿಸಿ. ಟೈರಿನ ಕೊನೆಯ ಸವೆತ ಬೇಸಿಗೆಗೆ ಬಿತ್ತು, ದುಡ್ಡೂ ಹೆಚ್ಚು ಹೋಗಲಿಲ್ಲ. ನಿಮ್ಮ ಗಾಡಿಗೆ ಈ ಸಲ ಆ ಸಮಯ ಬಂದಿದೆ. ಈ ಮಳೆಗಾಲಕ್ಕೆ ಹೊಸದು ಬೇಕು.

ಬದಲಿಸುವ ಮುಂಚೆ ಇನ್ನೊಂದು ಕೆಲಸ ಮಾಡಿ. ಸ್ಟೇರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ, ಗಾಡಿ ಆಫ್ ಮಾಡಿ, ಕೆಳಗೆ ಇಳಿದು ಮುಂದಿನ ಟೈರಿನ ಒಳ ಅಂಚು ನೋಡಿ. ಹೋದ ಮಳೆಗಾಲದಲ್ಲಿ ನನ್ನ ಹತ್ತಿರ ಇದೇ ಥರದ ಒಂದು ಗಾಡಿ ಬಂದಿತ್ತು. ಹೊರಗಿನಿಂದ ನೋಡಿದರೆ ಟೈರ್ ಚೆನ್ನಾಗಿಯೇ ಇತ್ತು, ಗೆರೆ ಎದ್ದು ಕಾಣುತ್ತಿತ್ತು. ಜಾಕ್ ಹಾಕಿ ಬಿಚ್ಚಿದರೆ ಒಳ ಅಂಚಿನಲ್ಲಿ ರಬ್ಬರೇ ಇಲ್ಲ. ಕೂದಲೆಳೆಯಂಥ ಸ್ಟೀಲ್ ತಂತಿ ಹೊರಗೆ ಬಂದು ಹೊಳೆಯುತ್ತಿತ್ತು, ನನ್ನ ಹೆಬ್ಬೆರಳಿಗೂ ಚುಚ್ಚಿತು. ಆ ಮನೆಯವರು ಹಿಂದಿನ ದಿನವಷ್ಟೇ ಆ ಟೈರಿನಲ್ಲಿ ಘಾಟಿ ಹತ್ತಿ ಬಂದಿದ್ದರು. ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಲ್ಲುವ ಕೋನ, ತಪ್ಪಿದರೆ ಹೀಗೇ ಆಗುತ್ತದೆ. ನಮ್ಮ ಗುಂಡಿ ರಸ್ತೆಗಳಲ್ಲಿ ಅದು ಬೇಗ ತಪ್ಪುತ್ತದೆ. ಟೈರ್ ಹಾಕಿಸಿದ ದಿನವೇ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮ ಮಾಡುವುದು) ಮಾಡಿಸಿ. ಆಮೇಲೆ ಪ್ರತಿ 5,000 ಕಿ.ಮೀ.ಗೆ ಅಲೈನ್‌ಮೆಂಟ್ ನೋಡಿಸಿ, ಹತ್ತು ಸಾವಿರದೊಳಗೆ ಮುಂದಿನ ಟೈರ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಸಿ. ಜಾಸ್ತಿ ಬಾಳಿಕೆ ಬೇಕು ಅಂದಿರಲ್ಲ, ಅದು ಕಂಪನಿಗಿಂತ ಇದರಲ್ಲೇ ಇದೆ.

ಇನ್ನು 'ಆಲ್ ಸೀಸನ್'. ಈ ಮಾತು ಹುಟ್ಟಿದ್ದು ಹಿಮ ಬೀಳುವ ದೇಶಗಳಲ್ಲಿ. ಅಲ್ಲಿ ಬೇಸಿಗೆಗೊಂದು, ಚಳಿಗೊಂದು ಟೈರ್ ಇಟ್ಟುಕೊಳ್ಳುತ್ತಾರೆ. ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಮಾಮೂಲಿ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ, ಅದಕ್ಕೆ. ಎರಡು ಸೆಟ್ ಬೇಡ ಅನ್ನುವವರು ಆಲ್ ಸೀಸನ್ ತಗೊಳ್ಳುತ್ತಾರೆ. ನಮಗೆ ಹಿಮದ ಚಿಂತೆ ಇಲ್ಲ. ಇಲ್ಲಿ ಅಂಗಡಿಯಲ್ಲಿ ಸಿಗುವ ಮಾಮೂಲಿ ಟೈರೇ ವರ್ಷವಿಡೀ ಓಡಿಸಲು ಮಾಡಿದ್ದು. ಆ ಹೆಸರಿಗೆ ಜಾಸ್ತಿ ದುಡ್ಡು ಕೊಡಬೇಡಿ.

ಯಾವುದು ತಗೊಳ್ಳಬೇಕು? ನಿಮ್ಮ ಗಾಡಿಯ ಸೈಜ್ 185/65 ಆರ್15. ಇದು ಎಲ್ಲ ದೊಡ್ಡ ಕಂಪನಿಗಳಲ್ಲೂ ಸಿಗುತ್ತದೆ. ಅದರ ಮುಂದೆ 88 ಅಂತ ಇರಬೇಕು, ಅಂದರೆ ಒಂದು ಟೈರ್ 560 ಕೆ.ಜಿ. ಹೊರುತ್ತದೆ. ಆರು ಜನ, ಮೇಲೆ ಲಗೇಜು. ಅದಕ್ಕಿಂತ ಕಡಿಮೆ ಅಂಕಿಯದ್ದು ಅಗ್ಗಕ್ಕೆ ಸಿಕ್ಕರೂ ಬೇಡ.

ಕಂಪನಿಗಳು ಇದೇ ಸೈಜಿನಲ್ಲಿ ಎರಡು ಥರ ಮಾಡುತ್ತವೆ. ಒಂದು ಬಾಳಿಕೆಗೆ ಒತ್ತು ಕೊಟ್ಟಿದ್ದು. ಸಿಯೆಟ್ ಮೈಲೇಜ್, ಅಪೋಲೋ ಅಮೇಜರ್ 4ಜಿ ಲೈಫ್, ಬ್ರಿಡ್ಜ್‌ಸ್ಟೋನ್ ಸ್ಟರ್ಡೋ ಈ ಸಾಲಿನವು. ಇನ್ನೊಂದು ಒದ್ದೆ ರಸ್ತೆಯ ಬ್ರೇಕಿಗೆ ಒತ್ತು ಕೊಟ್ಟಿದ್ದು. ಮಿಶೆಲಿನ್ ಎಕ್ಸ್‌ಎಂ2 ಪ್ಲಸ್, ಗುಡ್‌ಇಯರ್ ಟ್ರಿಪಲ್‌ಮ್ಯಾಕ್ಸ್ 2 ಈ ಗುಂಪಿನವು. ಸಾಮಾನ್ಯವಾಗಿ ರಬ್ಬರ್ ಗಟ್ಟಿ ಇದ್ದಷ್ಟೂ ನಿಧಾನ ಸವೆಯುತ್ತದೆ, ಒದ್ದೆಯಲ್ಲಿ ಹಿಡಿತ ಸ್ವಲ್ಪ ಕಡಿಮೆ. ಭದ್ರಾವತಿ, ಶಿಕಾರಿಪುರ, ದಾವಣಗೆರೆ ಕಡೆ ಓಡಾಡುವವರಿಗೆ ನಾನು ಮೊದಲ ಗುಂಪನ್ನೇ ಹೇಳುತ್ತೇನೆ. ನೀವು ಎರಡನೆಯದನ್ನು ತಗೊಳ್ಳಿ. ಮೊದಲ ಗುಂಪಿಗಿಂತ ಕೆಲವು ಸಾವಿರ ಕಿ.ಮೀ. ಮುಂಚೆ ಸವೆಯಬಹುದು. ಸವೆಯಲಿ.

ಬೆಲೆ ಒಂದು ಟೈರಿಗೆ 5ರಿಂದ 7 ಸಾವಿರದ ಆಸುಪಾಸು. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೇ ದರ ಹೇಳಿದರೆ ಕೇಳಿ. ಬಿಲ್ ಇಲ್ಲದೆ ತಗೊಳ್ಳಬೇಡಿ, ವಾರಂಟಿಗೆ ಅದೇ ಆಧಾರ. ತೀರ್ಥಹಳ್ಳಿಯಲ್ಲಿ ಒಂದು, ಶಿವಮೊಗ್ಗದಲ್ಲಿ ಎರಡು ಕಡೆ ದರ ಕೇಳಿ. ವಾಲ್ವ್, ಫಿಟ್ಟಿಂಗ್, ಬ್ಯಾಲೆನ್ಸಿಂಗ್ ಎಲ್ಲ ಸೇರಿಸಿ ಎಷ್ಟು ಅಂತ ಕೇಳಿ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಇರುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 0826 ಅಂದರೆ 2026ರ 8ನೇ ವಾರ ತಯಾರಾಗಿದ್ದು. ವರ್ಷಕ್ಕಿಂತ ಹಳೆಯದಾದರೆ ಬೇರೆ ತೆಗೆಸಿ. ಆ ಅಂಕಿ ಕೆಲವೊಮ್ಮೆ ಒಂದೇ ಬದಿಯಲ್ಲಿ ಇರುತ್ತದೆ, ಹಾಗಾಗಿ ಫಿಟ್ ಮಾಡುವ ಮುಂಚೆಯೇ ನೋಡಿಬಿಡಿ.

ಪ್ರಶ್ನೆ: ಸಾಗರದ ಹತ್ತಿರ ನಮ್ಮ ಹೋಂಸ್ಟೇ ಇದೆ. ಇನ್ನೋವಾ ಇಟ್ಟುಕೊಂಡಿದ್ದೇವೆ. ಕೊನೆಯ ಒಂದೂವರೆ ಕಿ.ಮೀ. ಕೆಸರು. ಜೀಪಿನವರು ಹಾಕುವ ದಪ್ಪ ಗೆರೆಯ ಎ.ಟಿ. (ಆಲ್ ಟೆರೇನ್, ಎಲ್ಲ ಥರದ ನೆಲಕ್ಕೆ ಅಂತ ಮಾಡಿದ) ಟೈರ್ ಹಾಕಿಸಬಹುದಾ?

ಉತ್ತರ: ಬೇಡ. ದಿನಕ್ಕೆ ಮೂರು ಕಿ.ಮೀ. ಕೆಸರಿಗಾಗಿ ಉಳಿದ ಎಪ್ಪತ್ತು ಎಂಬತ್ತು ಕಿ.ಮೀ. ಒದ್ದೆ ಡಾಂಬರಿನಲ್ಲಿ ಹಿಡಿತ ಕಳೆದುಕೊಳ್ಳುತ್ತೀರಿ. ಶಬ್ದ ಜಾಸ್ತಿ, ಡೀಸೆಲ್ಲೂ ಜಾಸ್ತಿ. ಡೀಸೆಲ್ ಇನ್ನೋವಾದಲ್ಲಿ ಎಂಜಿನ್ ತಳ್ಳುವುದು ಹಿಂದಿನ ಚಕ್ರ ಮಾತ್ರ. ಜೀಪಿನ ಟೈರ್ ಹಾಕಿದ ಮಾತ್ರಕ್ಕೆ ಅದು ಫೋರ್ ವೀಲ್ ಆಗುವುದಿಲ್ಲ. ಆ ದುಡ್ಡಿಗೆ ಏರಿನ ಜಾಗದಲ್ಲಿ ಎರಡು ಚಕ್ರದ ಅಗಲಕ್ಕೆ ಜಲ್ಲಿ ಹಾಕಿಸಿ, ನೀರು ಹೋಗಲು ಚರಂಡಿ ಬಿಡಿಸಿ.

ಪ್ರಶ್ನೆ: ಈಗ ಎರಡು ಟೈರಿಗೆ ಮಾತ್ರ ದುಡ್ಡಿದೆ. ನಮ್ಮದೂ ಎರ್ಟಿಗಾ. ಮುಂದಿನವು ಸವೆದಿವೆ. ಹೊಸದನ್ನು ಮುಂದೆಯೇ ಹಾಕಿಸಬೇಕಲ್ವಾ? ಗಾಳಿ ಎಷ್ಟಿರಬೇಕು, ನೈಟ್ರೋಜನ್ನೇ ಬೇಕಾ?
– ಹೊಸನಗರ

ಉತ್ತರ: ಹೆಚ್ಚಿನವರು ಹಾಗೇ ಮಾಡುತ್ತಾರೆ. ಆದರೆ ಹೊಸ ಜೋಡಿ ಹಿಂದೆ ಇರಲಿ. ಈಗ ಹಿಂದೆ ಇರುವ ಪರವಾಗಿಲ್ಲದ ಜೋಡಿ ಮುಂದಕ್ಕೆ ಬರಲಿ. ಸವೆದ ಎರಡನ್ನು ತೆಗೆದುಬಿಡಿ.

ಮುಂದಿನ ಚಕ್ರ ಜಾರಿದರೆ ಗಾಡಿ ನೇರ ಹೋಗುತ್ತದೆ. ನಿಮಗೆ ಸ್ಟೇರಿಂಗಿನಲ್ಲೇ ಗೊತ್ತಾಗುತ್ತದೆ, ಕಾಲು ತೆಗೆದರೆ ಬಹಳ ಸಲ ಹಿಡಿತ ಮತ್ತೆ ಸಿಗುತ್ತದೆ. ಹಿಂದಿನದು ಜಾರಿದರೆ ಗಾಡಿ ಬುಗುರಿಯ ಹಾಗೆ ತಿರುಗುತ್ತದೆ. ಹುಲಿಕಲ್ ಘಾಟಿ ಇಳಿಯುವಾಗ ಭಾರ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರ ಆಗಿರುತ್ತದೆ. ಆ ಹೊತ್ತಿನಲ್ಲಿ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಮೊದಲು ಬಿಡುವುದು ಅದೇ. ಮನೆಯವರನ್ನು ಕರೆದುಕೊಂಡು ಹೋಗುವ ಗಾಡಿಯಲ್ಲಿ ಆ ಅಪಾಯ ಬೇಡ. ಅಂಗಡಿಯಲ್ಲಿ ವಾದ ಬಂದರೆ ನಿಂತು ಹೇಳಿ ಹಾಕಿಸಿ. ಎರಡೂ ಒಂದೇ ಕಂಪನಿ, ಒಂದೇ ಮಾದರಿ ಇರಬೇಕು. ದುಡ್ಡು ಉಳಿಸಲು ರೀಸೋಲ್ ಮಾಡಿದ್ದು (ಸವೆದ ಟೈರಿಗೆ ಹೊಸ ರಬ್ಬರ್ ಅಂಟಿಸಿದ್ದು), ಸೆಕೆಂಡ್ ಹ್ಯಾಂಡ್ ತಗೊಳ್ಳಬೇಡಿ. ಸೆಕೆಂಡ್ ಹ್ಯಾಂಡ್ ಟೈರ್ ಒಳಗೆ ಎಲ್ಲಿ ಪೆಟ್ಟು ತಿಂದಿದೆ ಅಂತ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

ಗಾಳಿ ಬಗ್ಗೆಯೂ ಕೇಳಿದ್ದೀರಿ. ನೈಟ್ರೋಜನ್ ಬೇಕೇಬೇಕು ಅಂತಿಲ್ಲ, ಮಾಮೂಲಿ ಗಾಳಿ ಸಾಕು. ಡ್ರೈವರ್ ಬಾಗಿಲು ತೆಗೆದರೆ ಒಂದು ಸ್ಟಿಕರ್ ಇದೆ, ಎಷ್ಟು ಗಾಳಿ ಅಂತ ಅದರಲ್ಲೇ ಬರೆದಿದೆ. ತುಂಬಿದ ಗಾಡಿಗೆ ಬೇರೆ ಅಂಕಿ ಕೊಟ್ಟಿದ್ದರೆ ಮದುವೆಗೆ ಹೊರಡುವ ದಿನ ಅದನ್ನು ನೋಡಿ ಹಾಕಿಸಿ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಅಳೆಸಬೇಕು. ಸ್ಟೆಪ್ನಿಯನ್ನೂ ಅಳೆಸಿ. ಮಳೆಯಲ್ಲಿ, ಘಾಟಿ ಮಧ್ಯದಲ್ಲಿ ಪಂಕ್ಚರ್ ಆದ ಮೇಲೆ ಸ್ಟೆಪ್ನಿಯಲ್ಲಿ ಗಾಳಿ ಇಲ್ಲ ಅಂತ ಗೊತ್ತಾದವರ ಫೋನ್ ನನಗೆ ಪ್ರತಿ ಜುಲೈನಲ್ಲೂ ಬರುತ್ತದೆ.